ಮೂರು–ಎರಡು: ಲೈನ್ಸ್‌ಮನ್ ಕಂಡಂತೆ

ಸೋತ ತಂಡದ ವರದಿ ಬರೆಯುವುದು ಸುಲಭ, ಗೆದ್ದ ತಂಡದ್ದೇ ಕಷ್ಟ. ಸೋತವರ ಬಗ್ಗೆ ‘ಕೆಚ್ಚೆದೆಯ ಹೋರಾಟ’ ಎಂದು ಒಂದು ಸಾಲು ಬರೆದರೆ ಯಾರೂ ಪ್ರಶ್ನಿಸುವುದಿಲ್ಲ. ಗೆದ್ದವರ ಬಗ್ಗೆ ‘ಹೇಗೆ ಗೆದ್ದರೆಂಬುದು ಅವರಿಗೂ ತಿಳಿದಿಲ್ಲ’ ಎಂದು ಬರೆದು ನೋಡಿ, ಮನೆಮಂದಿಯೇ ಮುನಿಸಿಕೊಳ್ಳುತ್ತಾರೆ. ಈ ಮಾತನ್ನು ಅನುಭವದಿಂದ ಹೇಳುತ್ತಿದ್ದೇನೆ. ಮೈಸೂರಿನ ಪತ್ರಿಕೆಯೊಂದರ ಕ್ರೀಡಾ ಡೆಸ್ಕಿನಲ್ಲಿ ಇಪ್ಪತ್ತಾರು ವರ್ಷ ಕುಳಿತು ಎದ್ದವನು ನಾನು. ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಮುಖ್ಯ ಉಪಸಂಪಾದಕರು ಹೇಳಿದ್ದು ಇಷ್ಟೇ: “ಕಣ್ಣಾರೆ ಕಂಡಿದ್ದನ್ನ ಬರಿ. ಕಾಣದ್ದನ್ನ ಕಂಡ ಹಾಗೆ ಬರೆದ್ಯೋ, ಕೈ ಕತ್ತರಿಸ್ತೀನಿ.” ಆಗೆಲ್ಲ ಸುದ್ದಿಯ ಹಾಳೆಗಳನ್ನು ಕತ್ತರಿಸಿ ಅಂಟಿಸುವ ಕಾಲ. ಅವರ ಕೈಯಲ್ಲಿ ಸದಾ ಒಂದು ಕತ್ತರಿ ಇರುತ್ತಿದ್ದುದರಿಂದ ಆ ಮಾತು ನನ್ನಲ್ಲಿ ಆಳವಾಗಿ ಇಳಿಯಿತು.

ಮೂರು ವರ್ಷದ ಹಿಂದೆ ನನ್ನ ಹೆಂಡತಿ ಸುಧಾಳ ಕಂಪನಿ ಅವಳನ್ನು ಡಚ್ಚರ ನಾಡಿನ ಆಮರ್ಸ್‌ಫೋರ್ಟಿಗೆ ಕಳಿಸಿತು. ಅವಳ ಕೆಲಸದ ಪರ್ಮಿಟ್ಟಿಗೆ ಅಂಟಿಕೊಂಡು ನಾನೂ ಬಂದೆ. ಇಲ್ಲಿ ನನ್ನ ಬರಹಕ್ಕೆ ಉಳಿದಿರುವ ಏಕೈಕ ಪತ್ರಿಕೆ ಎಂದರೆ ನಮ್ಮ ಮನೆತನದ ವಾಟ್ಸ್ಯಾಪ್ ಗುಂಪು. ವಿಷಯ, ಮಾಸ್ಟ್ರಿಕ್ಟಿನಲ್ಲಿ ಓದುತ್ತಿರುವ ಸಿಂಚನಾ ಆಡುವ ಫುಟ್‌ಬಾಲ್. ಸಿಂಚನಾ ಸುಧಾಳ ತಂಗಿ ವನಜಾಳ ಮಗಳು. ಕಾಲೇಜಿನ ಮಹಿಳೆಯರ ಎರಡನೇ ತಂಡದ ಗೋಲ್‌ಕೀಪರ್. ಶನಿವಾರ ಪಂದ್ಯವಿದ್ದರೆ ನಾವಿಬ್ಬರೂ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ರೈಲು ಹತ್ತುತ್ತೇವೆ. ಸಂಜೆ ವಾಪಸು ಬರುವಾಗ ರೈಲಿನಲ್ಲೇ ವರದಿ ಟೈಪು ಮಾಡಿ ಗುಂಪಿಗೆ ಹಾಕುತ್ತೇನೆ. ಮೈಸೂರಿನಲ್ಲಿ ಕಾಯುತ್ತಾ ಕುಳಿತ ವನಜಾ ತಕ್ಷಣ ಫೋನು ಮಾಡುತ್ತಾಳೆ. “ಏನ್ ಭಾವ ನೀವು, ‘ಗೋಲ್‌ಕೀಪರ್ ಚೆಂಡು ಬರೋ ಮೊದಲೇ ಬಿದ್ದಳು’ ಅಂತ ಬರೆದಿದೀರಲ್ಲ! ಮನೆ ಮಗು ಅಲ್ವಾ?” ಎನ್ನುತ್ತಾಳೆ. “ಮೊದಲೇ ಬಿದ್ದಳಮ್ಮ,” ಎನ್ನುತ್ತೇನೆ. ತಿದ್ದುಪಡಿ ಪ್ರಕಟಿಸುವ ಪ್ರಶ್ನೆಯೇ ಇಲ್ಲ.

ಈ ಎರಡನೇ ತಂಡದ ಬಗ್ಗೆ ಎರಡು ಮಾತು ಹೇಳಬೇಕು. ಮೊದಲನೇ ತಂಡಕ್ಕೆ ಬೇಡವಾದವರೆಲ್ಲ ಸೇರಿ ಇದಾಗಿದೆ. ಎಡಬದಿಯ ರಕ್ಷಕಿ ಎದುರಾಳಿಗೆ ಡಿಕ್ಕಿ ಹೊಡೆದರೆ ನಿಂತು ಕ್ಷಮೆ ಕೇಳುತ್ತಾಳೆ, ಅಷ್ಟರಲ್ಲಿ ಎದುರಾಳಿ ಚೆಂಡಿನ ಸಮೇತ ನಮ್ಮ ಗೋಲಿನ ಬಳಿ ಇರುತ್ತಾಳೆ. ಮುಂಚೂಣಿಯ ಲೊಟ್ಟೆ ಎಂಬ ಎತ್ತರದ ಹುಡುಗಿಯ ಒದೆತಕ್ಕೆ ಶಕ್ತಿ ಅಪಾರ, ದಿಕ್ಕು ಮಾತ್ರ ಚೆಂಡಿನ ಇಷ್ಟ. ಇಡೀ ಋತುವಿನಲ್ಲಿ ಒಂದೇ ಒಂದು ಗೆಲುವಿಲ್ಲ. ಕೊನೆಯ ಪಂದ್ಯದ ಹಿಂದಿನ ವಾರ ಕಾಲೇಜಿನ ಕ್ರೀಡಾ ವಿಭಾಗದವರು ನಯವಾಗಿಯೇ ಒಂದು ಪತ್ರ ಕಳಿಸಿದರು: ಒಂದು ಪಂದ್ಯವನ್ನೂ ಗೆಲ್ಲದಿದ್ದರೆ ಬರುವ ವರ್ಷ ಎರಡನೇ ತಂಡ ಇರುವುದಿಲ್ಲ, ಮೈದಾನದ ಸಮಯ ಮೊದಲನೇ ತಂಡಕ್ಕೆ ಹೋಗುತ್ತದೆ.

ಆ ದಿನ ಸಿಂಚನಾ ಫೋನು ಮಾಡಿದ್ದಳು. “ಸೀನಿಯರ್ಸ್‌ಗೇನು ದೊಡ್ಡಪ್ಪ, ಅವರು ಕೋರ್ಸ್ ಮುಗಿಸಿ ಹೋಗ್ತಾರೆ. ನನಗಿನ್ನೂ ಒಂದು ವರ್ಷ ಇದೆ. ಮೊದಲ ಮೂರು ತಿಂಗಳು ಇಲ್ಲಿ ಸೂಪರ್‌ಮಾರ್ಕೆಟ್ ಕ್ಯಾಷಿಯರ್ ಬಿಟ್ಟು ಯಾರೂ ನನ್ ಹತ್ರ ಮಾತಾಡಿರ್ಲಿಲ್ಲ, ಗೊತ್ತಾ? ಈ ಟೀಮ್ ಹೋದ್ರೆ ಮತ್ತೆ ಲ್ಯಾಬು, ರೂಮು, ಲ್ಯಾಬು ಅಷ್ಟೇ.” “ಚೆಂಡು ಬಂದ ಮೇಲೆ ಬೀಳು,” ಎಂದೆ. ಸಾಂತ್ವನ ಹೇಳುವ ಕಲೆಯನ್ನು ನಮ್ಮ ಡೆಸ್ಕಿನಲ್ಲಿ ಯಾರೂ ಕಲಿಸಿರಲಿಲ್ಲ.

ಶನಿವಾರ ಮೈದಾನಕ್ಕೆ ಹೋದರೆ ಅವಳು ನನ್ನ ಕೈಗೆ ಹಳದಿ ಬಾವುಟವೊಂದನ್ನು ತುರುಕಿದಳು. ಇಲ್ಲಿಯ ಸಣ್ಣ ಪಂದ್ಯಗಳಲ್ಲಿ ರೆಫರಿ ಒಬ್ಬರೇ; ಅಂಚಿನಲ್ಲಿ ಬಾವುಟ ಹಿಡಿಯುವ ಲೈನ್ಸ್‌ಮನ್‌ನನ್ನು ಆಯಾ ತಂಡದವರೇ ಒದಗಿಸಬೇಕು. ಒಬ್ಬೊಬ್ಬರು ತಮ್ಮ ತಂಡದ ಗೋಲಿನ ಕಡೆಯ ಅರ್ಧ ಮೈದಾನ ಕಾಯಬೇಕು. ನಮ್ಮ ಎಂದಿನ ಲೈನ್ಸ್‌ಮನ್ ಜ್ವರ ಬಂದು ಮಲಗಿದ್ದ. ಕೆಲಸ ಇಷ್ಟೇ: ಚೆಂಡನ್ನು ಒದ್ದ ಕ್ಷಣದಲ್ಲಿ ಎದುರಾಳಿ ನಮ್ಮ ಕೊನೆಯ ರಕ್ಷಕಿಯನ್ನು ದಾಟಿ ಗೋಲಿಗೆ ಇನ್ನೂ ಹತ್ತಿರ ನಿಂತಿದ್ದರೆ ಅದು ಆಫ್‌ಸೈಡ್, ಬಾವುಟ ಎತ್ತಬೇಕು. ಕಂಡದ್ದನ್ನು ಕಂಡಂತೆ ಹೇಳುವ ಕೆಲಸ. ನನಗೆಂದೇ ಹುಟ್ಟಿದ್ದು ಎನಿಸಿತು. ಆದರೆ ಈ ಪದ್ಧತಿಯ ಒಳಗುಟ್ಟು ನನಗೆ ಗೊತ್ತಿರಲಿಲ್ಲ. ಎದುರಾಳಿಗಳ ಲೈನ್ಸ್‌ಮನ್, ಅವರ ಆಟಗಾರ್ತಿಯೊಬ್ಬಳ ತಂದೆ, ಗುಂಡಗಿನ ಸಂಭಾವಿತ ಮನುಷ್ಯ. ಲೊಟ್ಟೆ ನಡುಗೆರೆ ದಾಟಿದರೆ ಸಾಕು, ಬಾವುಟ ಎತ್ತಿಬಿಡುತ್ತಿದ್ದ. ಒಮ್ಮೆ ಅವಳು ನೀರು ಕುಡಿಯುತ್ತಿದ್ದಾಗಲೂ ಎತ್ತಿದ.

ಇಷ್ಟೆಲ್ಲ ಇದ್ದೂ ಮಧ್ಯಂತರದ ಹೊತ್ತಿಗೆ ನಾವು ಮೂರು ಗೋಲಿನಿಂದ ಮುಂದಿದ್ದೆವು. ಚೆನ್ನಾಗಿ ಆಡಿದೆವು ಎಂದು ಯಾರೂ ತಿಳಿಯಬಾರದು. ಮೊದಲನೆಯದು, ಎದುರಾಳಿ ರಕ್ಷಕಿ ತನ್ನದೇ ಗೋಲ್‌ಕೀಪರಿಗೆ ಹಿಂದಕ್ಕೆ ಕೊಟ್ಟ ಚೆಂಡು. ಆಕೆ ಆಗ ಜುಟ್ಟು ಕಟ್ಟಿಕೊಳ್ಳುತ್ತಿದ್ದಳು. ಎರಡನೆಯದು, ಲೊಟ್ಟೆ ಮೂಲೆಯ ಕಡೆಗೆ ಒದ್ದದ್ದು, ಶೂ ಲೇಸು ಕಟ್ಟಲು ಬಗ್ಗಿದ್ದ ನಮ್ಮವಳೊಬ್ಬಳ ಬೆನ್ನಿಗೆ ಬಡಿದು ಗೋಲಿನೊಳಗೆ ಹೋಯಿತು. ಮೂರನೆಯದು ಪೆನಾಲ್ಟಿ. ಲೊಟ್ಟೆ ಒದೆಯುವಾಗ ಜಾರಿ ಬಿದ್ದಳು, ಚೆಂಡು ಬೆಳಗಿನ ವಾಕಿಂಗಿಗೆ ಹೊರಟ ಹಿರಿಯರಂತೆ ನಿಧಾನವಾಗಿ ಉರುಳಿತು. ಅಷ್ಟರಲ್ಲಿ ಗೋಲ್‌ಕೀಪರ್ ಇನ್ನೊಂದು ದಿಕ್ಕಿಗೆ ಹಾರಿ ಆಗಿತ್ತು. ಆದರೂ ಮೂರು ಮೂರೇ. ಸ್ಕೋರು ಪಟ್ಟಿಯಲ್ಲಿ ‘ಹೇಗೆ’ ಎಂಬ ಕಾಲಂ ಇಲ್ಲ.

ಗೆಲ್ಲುತ್ತಿದ್ದೇವೆ ಎಂಬುದು ತಿಳಿದದ್ದೇ ನಮ್ಮವರು ಚೆಂಡನ್ನು ಸಿಕ್ಕಸಿಕ್ಕ ಕಡೆ ಒದೆಯತೊಡಗಿದರು. ಎರಡನೇ ಅವಧಿಯಲ್ಲಿ ಒಂದು ಗೋಲು ಬಿಟ್ಟರು. ಪಂದ್ಯ ಮುಗಿಯಲು ಹತ್ತು ನಿಮಿಷವಿದೆ ಎನ್ನುವಾಗ ಇನ್ನೊಂದು. ಆ ಎರಡನೆಯದರಲ್ಲಿ ಹನ್ನೊಂದು ಜನವೂ ತಿರುಗಿ ನನ್ನ ಬಾವುಟ ನೋಡಿದರು. ಬಾವುಟ ನನ್ನ ತೊಡೆಯ ಪಕ್ಕದಲ್ಲಿ ಸುಮ್ಮನಿತ್ತು.

“ದೊಡ್ಡಪ್ಪಾ! ಫ್ಲ್ಯಾಗ್ ಎತ್ತಿ!” ಸಿಂಚನಾ ಗೋಲಿನಿಂದಲೇ ಕೂಗಿದಳು.

“ಆಫ್‌ಸೈಡ್ ಅಲ್ಲಮ್ಮ ಅದು.”

“ಅಲ್ಲ ಅಂತ ನನಗೂ ಗೊತ್ತು! ಆದ್ರೂ!”

ಹಿಂದಿನಿಂದ ಸುಧಾ ಫ್ಲಾಸ್ಕಿನ ಮುಚ್ಚಳ ಬಿಗಿಯುತ್ತಾ ಕೇಳಿದಳು: “ರೀ, ನೀವು ಯಾರ ಕಡೆಯವರು?”

“ಓದುಗರ ಕಡೆ,” ಎಂದೆ.

“ಓದುಗರು ಅಂದ್ರೆ ವನಜಾ ಒಬ್ಳೇ. ಅವಳನ್ನ ಕೇಳಿದ್ರೆ ಎತ್ತಿ ಅಂತಾನೇ ಅಂತಾಳೆ.”

ನ್ಯಾಯ ನನ್ನ ಕಡೆಗಿತ್ತು, ಜನ ಮಾತ್ರ ಯಾರೂ ಇರಲಿಲ್ಲ.

ಇನ್ನು ಕೊನೆಯ ನಿಮಿಷ. ರೆಫರಿ ಗಡಿಯಾರ ನೋಡಿಕೊಳ್ಳುತ್ತಿದ್ದರು. ಎದುರಾಳಿಗಳು ತಮ್ಮ ಕಡೆಯಿಂದ ಒಂದು ಉದ್ದನೆಯ ಒದೆತ ಕೊಟ್ಟರು. ಚೆಂಡು ನಮ್ಮವರೆಲ್ಲರ ತಲೆಯ ಮೇಲೆ ಹಾರಿತು. ನಮ್ಮ ಎಡಬದಿಯ ರಕ್ಷಕಿ ಆಗಲೂ ಯಾರಿಗೋ ಕ್ಷಮೆ ಕೇಳುತ್ತಿದ್ದಳು. ಮುಂದೆ ಅವರ ಮುಂಚೂಣಿಯವಳು ಒಬ್ಬಳೇ, ಎದುರಿಗೆ ಸಿಂಚನಾ ಒಬ್ಬಳೇ. ಆ ಕ್ಷಣದಲ್ಲಿ ನನಗೆ ಕಂಡದ್ದು ಚೆಂಡಲ್ಲ. ರೂಮಿನಲ್ಲಿ ಒಬ್ಬಳೇ ಕುಳಿತು ಊಟ ಮಾಡುತ್ತಿರುವ ಹುಡುಗಿ. ಮುಂದೆ ನಡೆದದ್ದನ್ನು ಪ್ರಾಮಾಣಿಕವಾಗಿ ದಾಖಲಿಸುತ್ತೇನೆ. ಚಾಮುಂಡಿ ಬೆಟ್ಟದಲ್ಲಿ ಮಂಗಳಾರತಿಗೆ ಗಂಟೆ ಬಾರಿಸಿದಾಗ ನಮ್ಮ ಕೈಗಳು ಯಾರ ಅಪ್ಪಣೆಗೂ ಕಾಯುವುದಿಲ್ಲ. ಕಣ್ಣು ತಾನಾಗಿ ಮುಚ್ಚುತ್ತದೆ, ಎರಡೂ ಕೈ ತಲೆಯ ಮೇಲೆ ಹೋಗಿ ಸೇರುತ್ತವೆ. ಬಾಲ್ಯದಿಂದ ಬಂದ ಅಭ್ಯಾಸ. ಮಾಸ್ಟ್ರಿಕ್ಟಿನ ಆ ಮೈದಾನದ ಅಂಚಿನಲ್ಲೂ ಅದೇ ಆಯಿತು. ‘ತಾಯೀ, ಇದೊಂದು ಕಾಪಾಡು’ ಎಂದು ಕಣ್ಣು ಮುಚ್ಚಿ ತಲೆಯ ಮೇಲೆ ಕೈ ಮುಗಿದೆ. ಕೈಗಳ ನಡುವೆ ಬಾವುಟವಿದೆ ಎಂಬುದು ನೆನಪಿರಲಿಲ್ಲ.

ಸೀಟಿ ಕೇಳಿಸಿತು. ಕಣ್ಣು ಬಿಟ್ಟೆ. ಚೆಂಡು ನಮ್ಮ ಗೋಲಿನ ಬಲೆಯೊಳಗಿತ್ತು, ರೆಫರಿಯ ಬೆರಳು ನನ್ನ ತಲೆಯ ಮೇಲಿನ ಬಾವುಟದತ್ತ ಇತ್ತು. ಆಫ್‌ಸೈಡ್, ಗೋಲಿಲ್ಲ. “ಇಡೀ ದಿನ ಒಮ್ಮೆಯೂ ಸುಮ್ಮಸುಮ್ಮನೆ ಎತ್ತದ ಮನುಷ್ಯ,” ಎಂದು ರೆಫರಿ ಎದುರಾಳಿಗಳಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಕೊನೆಯ ಸೀಟಿಯೂ ಆಗಿ, ಹನ್ನೊಂದು ಹುಡುಗಿಯರು ನನ್ನ ಮೇಲೆ ಬಿದ್ದರು. ಲೊಟ್ಟೆ ನನ್ನನ್ನು ಅನಾಮತ್ತು ಎತ್ತಿದಳು. ಅವಳ ಶಕ್ತಿಗೆ ಆ ದಿನ ಸಿಕ್ಕ ಸರಿಯಾದ ದಿಕ್ಕು ಅದೊಂದೇ. ಸಿಂಚನಾ ಅಳುತ್ತಿದ್ದಳು, ನಗುತ್ತಿದ್ದಳು, “ಟೀಮ್ ಉಳೀತು ದೊಡ್ಡಪ್ಪ, ಉಳೀತು!” ಎನ್ನುತ್ತಿದ್ದಳು. ಸುಧಾ ಕಾಫಿಯನ್ನು ಎದುರಾಳಿಗಳಿಗೂ ಹಂಚುತ್ತಿದ್ದಳು.

ನಾನು ಮಾತ್ರ ಕಾಣದ್ದನ್ನು ಕಂಡ ಹಾಗೆ ಬಾವುಟ ಎತ್ತಿದ್ದೆ. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಮೈದಾನದ ಕ್ಯಾಂಟೀನಿನಲ್ಲಿ ಒಟ್ಟಿಗೆ ಕುಳಿತುಕೊಳ್ಳುವುದು ಇಲ್ಲಿಯ ವಾಡಿಕೆ. ಅಲ್ಲಿ ಎದ್ದು ನಿಂತು ಒಪ್ಪಿಕೊಳ್ಳಲೇಬೇಕು ಎಂದು ತೀರ್ಮಾನಿಸಿದೆ. ನಿಲ್ಲುವಷ್ಟರಲ್ಲಿ ಎದುರು ತಂಡದ ಗುಂಡಗಿನ ಲೈನ್ಸ್‌ಮನ್ ಫೋನು ಹಿಡಿದು ನೇರ ನನ್ನ ಮೇಜಿಗೇ ಬಂದ. ಅವನ ಹೆಂಡತಿ ಆ ಕೊನೆಯ ನಿಮಿಷವನ್ನು ಚಿತ್ರೀಕರಿಸಿದ್ದಳಂತೆ. ಮುಗಿಯಿತು ಎಂದುಕೊಂಡೆ. ಅವನು ವಿಡಿಯೊವನ್ನು ಒದೆತದ ಕ್ಷಣದಲ್ಲಿ ನಿಲ್ಲಿಸಿ ತೋರಿಸಿದ. ಅವರ ಹುಡುಗಿ ನಮ್ಮ ಕೊನೆಯ ರಕ್ಷಕಿಗಿಂತ ಒಂದು ಹೆಜ್ಜೆ ಪೂರ್ತಿ ಮುಂದಿದ್ದಳು. ಸಂಶಯಕ್ಕೆ ಎಡೆಯಿಲ್ಲದ ಆಫ್‌ಸೈಡ್. ಅವನು ನನ್ನ ಕೈ ಹಿಡಿದು ಕುಲುಕಿ, ತುಂಬು ಗೌರವದಿಂದ ಹೇಳಿದ: “ಎಂಥ ಕಣ್ಣು ನಿಮ್ಮದು!”

ಸಿಂಚನಾ ಅಮ್ಮನಿಗೆ ಕಳಿಸಲೆಂದು ಆ ವಿಡಿಯೊವನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಎರಡು ಸಲ ನೋಡಿದಳು. ಮೂರನೇ ಸಲ ಎರಡು ಬೆರಳಿನಲ್ಲಿ ಮೂಲೆಯೊಂದನ್ನು ಹಿಗ್ಗಿಸಿದಳು.

“ದೊಡ್ಡಪ್ಪ, ಇದೇನಿದು? ಕಣ್ಣು ಮುಚ್ಕೊಂಡಿದೀರ!”

“ಗಾಳಿಗೆ ಧೂಳು ಬಿತ್ತು.”

“ಎರಡೂ ಕೈ ಜೋಡಿಸಿದೀರ. ತುಟಿ ಬೇರೆ ಅಲ್ಲಾಡ್ತಿದೆ. ನೀವು ಕೈ ಮುಗೀತಿದೀರ ದೊಡ್ಡಪ್ಪ!” ಎಂದವಳು ಮೇಜಿನ ಮೇಲೆ ತಲೆಯಿಟ್ಟು ನಗತೊಡಗಿದಳು. ಲೊಟ್ಟೆ ಏನು ಏನು ಎಂದು ಕೇಳಿದಳು. ಸಿಂಚನಾ ಕಣ್ಣೊರೆಸಿಕೊಂಡು, ನಮ್ಮ ಮನೆಯ ವಿಷಯ ಎಂದಳು. ವಿಡಿಯೊವನ್ನು ಅಮ್ಮನಿಗೆ ಕಳಿಸಲೂ ಇಲ್ಲ. ಒಳ್ಳೆಯ ಹುಡುಗಿ. ಆ ದಿನ ಎರಡು ಸಲ ಚೆಂಡು ಬಂದ ಮೇಲೆ ಬಿದ್ದಳು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ವಾಪಸು ಬರುವಾಗ ರೈಲಿನಲ್ಲಿ ವರದಿ ಬರೆದೆ. ಮೂರು ಗೋಲು ಬಂದ ಬಗೆಯನ್ನು ಇದ್ದ ಹಾಗೆಯೇ ಬರೆದೆ. ಎರಡು ಬಿಟ್ಟ ಬಗೆಯನ್ನೂ ಬರೆದೆ. ಕೊನೆಯ ನಿಮಿಷಕ್ಕೆ ಬಂದಾಗ ಬೆರಳು ನಿಂತಿತು. ಪಕ್ಕದಲ್ಲಿ ಸುಧಾ ನಿದ್ದೆ ಹೋಗಿದ್ದಳು. ಕತ್ತರಿ ಹಿಡಿದ ಮುಖ್ಯ ಉಪಸಂಪಾದಕರು ಎದುರು ಸೀಟಿನಲ್ಲಿ ಬಂದು ಕುಳಿತ ಹಾಗಾಯಿತು. ತುಂಬ ಯೋಚಿಸಿ ಬರೆದೆ: ‘ಕೊನೆಯ ನಿಮಿಷದ ವಿವರ ಲಭ್ಯವಿಲ್ಲ. ಆ ಹೊತ್ತಿನಲ್ಲಿ ವರದಿಗಾರ ಸ್ಥಳದಲ್ಲಿ ಇರಲಿಲ್ಲ.’

ವನಜಾಳ ಫೋನು ತಕ್ಷಣ ಬಂತು. “ಗೆದ್ರಲ್ಲ ಭಾವ, ಸದ್ಯ! ಆದ್ರೆ ಅದೇನು, ಅಂಥ ಹೊತ್ನಲ್ಲಿ ಮೈದಾನ ಬಿಟ್ಟು ಎಲ್ಲಿಗೆ ಹೋಗಿದ್ರಿ?”

“ಬೆಟ್ಟಕ್ಕೆ,” ಎಂದೆ.