ಸೊಸೆಯ ಕನ್ನಡಿ, ನನ್ನ ಹೆಬ್ಬೆಟ್ಟು

ಶಹಾಬಾದಿ ಹಾಸುಗಲ್ಲು ಮಾರುವ ನನ್ನಿಂದ ಒಂದು ಮಾತು ಕಲಿತುಕೊಳ್ಳಿ: ಒಣಗಿದ ಕಲ್ಲನ್ನು ನೋಡಿ ಕೊಳ್ಳಬೇಡಿ. ನೀರು ಚಿಮುಕಿಸಿ, ಹೆಬ್ಬೆಟ್ಟಿನಿಂದ ಗಸಗಸ ತಿಕ್ಕಿ. ಅಸಲಿ ಬಣ್ಣ ತಾನಾಗಿ ಹೊರಬೀಳುತ್ತದೆ. ಈ ಹೆಬ್ಬೆಟ್ಟಿನ ಬಲದಿಂದಲೇ ಭಂಕೂರದಲ್ಲಿ ಮನೆ ಕಟ್ಟಿದೆ. ಆದರೆ ಯಾವ ಕಾಗದದ ಮೇಲೂ ಅದನ್ನು ಒತ್ತಿದವನಲ್ಲ. ಎಲ್ಲ ಕಡೆ ಸಹಿಯೇ!

ಸೊಸೆ ಸುವರ್ಣಾ ಬೆಳಕಿನ ಬಗ್ಗೆ ಸಂಶೋಧನೆ ಮಾಡಿದವಳು. ಒಂದು ಸಂಜೆ ಮನೆಯಲ್ಲಿ ತಯಾರಿ ನಡೆಸಿದ್ದಳು. ಮರುದಿನ ಚಿತ್ತಾಪುರದ ಕಾಲೇಜೊಂದರಲ್ಲಿ ಪಾಠ ಮಾಡಿ ತೋರಿಸಬೇಕಿತ್ತು, ಮೆಚ್ಚಿದರೆ ನೌಕರಿ. ಅದಕ್ಕೆಂದೇ ಲ್ಯಾಬಿನಿಂದ ಒಂದು ಪುಟ್ಟ ಗಾಜಿನ ತುಂಡು ತಂದಿದ್ದಳು. ಇದ್ದದ್ದು ಅದೊಂದೇ.

“ಏನವ್ವಾ ಇದು?”

“ಎರಡು ಕನ್ನಡಿ ಎದುರಾಬದುರು ಅದಾವ್ರಿ ಮಾವಾರ. ನಡುವ ಸಾವಯವ ಅರೆವಾಹಕ ಅನ್ನೋ ಬಣ್ಣದ ಪದರ. ಒಳಗ ಸಿಕ್ಕ ಬೆಳಕು ಅಲ್ಲಿಂದಿಲ್ಲಿಗಿ ಬಡಕೋತ ಅದರ ಕೂಡ ಬೆರೀತದ. ಅರ್ಧ ಬೆಳಕು, ಅರ್ಧ ವಸ್ತು ಇರೋ ಕಣ ಹುಟ್ತದ. ಕನ್ನಡಿಗಳ ನಡುವಿನ ಸಂದು ಹೆಚ್ಚುಕಮ್ಮಿ ಮಾಡಿದ್ರ ನಮ್ಮ ಮಾತು ಕೇಳ್ತದ.”

“ಇಷ್ಟೇನಾ! ನಮ್ಮ ಸೌದಾ ಇದ್ದಂಗ. ಕೊಡಾಂವ, ಕೊಳ್ಳಾಂವ ಎದುರಾಬದುರು ಕುಂದರ್ತೀವಿ. ರೇಟು ಅಲ್ಲಿಂದಿಲ್ಲಿಗಿ ಓಡ್ಯಾಡಿ, ಕಡೀಕ ಇಬ್ಬರದೂ ಅಲ್ಲದ ಒಂದು ರೇಟು ಹುಟ್ತದ!”

“ಭಾಳ ಛಂದ ಹೇಳಿದ್ರಿ!” ಎಂದು ಸೊಸೆ ಒಳಗೆ ಹೋದಳು.

ಹೊಗಳಿಸಿಕೊಂಡವನು ಸುಮ್ಮನೆ ಕೂರುತ್ತಾನೆಯೇ? ತುಂಡನ್ನು ಎತ್ತಿ ನೋಡಿದೆ. ಬಣ್ಣ ಮಬ್ಬು. ಲ್ಯಾಬಿನವರು ಕಳಪೆ ಮಾಲು ದಾಟಿಸಿದ್ದಾರೆ! ನನ್ನ ಸೊಸೆಗೇ ಮೋಸವೇ? ನಾಲ್ಕು ಹನಿ ನೀರು. ಗಸಗಸ. ಕೊನೆಗೊಮ್ಮೆ ಗಟ್ಟಿಯಾಗಿ ಒತ್ತಿಯೂ ನೋಡಿದೆ.

ಅಸಲಿ ಬಣ್ಣ ಹೊರಬಿತ್ತು. ನನ್ನ ಹೆಬ್ಬೆಟ್ಟಿನ ಮೇಲೆ!

“ಅಯ್ಯ, ಏನು ತಿಕ್ಕಾಕತ್ತೀರಿ?” ಹೆಂಡತಿ ಕೂಗಿದಳು. “ಸುವರ್ಣಾ, ಬಾರವ್ವ! ನಿಮ್ಮ ಮಾವ ನಿನ್ನ ನೌಕರಿ ತೊಳದು ಇಟ್ಟಾರ!”

ಸೊಸೆ ನೋಡಿದಳು. ತುಂಡನ್ನು ಬೆಳಕಿಗೆ ಹಿಡಿದಳು. ನಾನೇ ಪರಿಹಾರ ಸೂಚಿಸಿದೆ: “ವಾಡಿ ಬಜಾರದಾಗ ಹೊಸಾ ಕನ್ನಡಿ ತರ್ತೀನಿ. ನನಗ ಕಮ್ಮಿಗಿ ಕೊಡ್ತಾರ.”

“ಮ್ಯಾಲಿನ ಬೆಳ್ಳಿ ಕನ್ನಡಿ ಕೂದಲಿಗಿಂತ ಸಾವಿರಪಟ್ಟು ತೆಳು ಇತ್ರಿ, ಮಾವಾರ.”

“ವಾಡ್ಯಾಗ ಸಿಗಂಗಿಲ್ಲಾ?”

“ಇಲ್ರಿ.”

ಮರುದಿನ ಅಪರಾಧಿಯಂತೆ ಕಾಲೇಜಿನ ಕೊನೆಯ ಬೆಂಚಿನಲ್ಲಿ ಕುಳಿತೆ. ಸೊಸೆ ಅದೇ ತುಂಡನ್ನು ದೊಡ್ಡದಾಗಿ ಪರದೆಯ ಮೇಲೆ ತೋರಿಸಿದಳು. “ಅಂಚಿನಲ್ಲಿ ಎರಡೂ ಕನ್ನಡಿ ಇವೆ; ಬೆಳಕು, ಬಣ್ಣ ಬೆರೆತಿವೆ. ನಡುವೆ ಒಂದು ಕನ್ನಡಿ ಹೋಗಿದೆ, ಬೆಳಕು ಓಡಿಹೋಯಿತು. ಸೌದಾ ನಡೆಯುವಾಗ ಒಬ್ಬ ಎದ್ದು ಹೋದ ಹಾಗೆ.”

ನನ್ನ ಮಾತು! ಎದೆಯುಬ್ಬಿಸಿದೆ.

“ಮೇಡಂ, ನಡುವಿನ ಆ ಗೆರೆಗಳು?” ಎಂದು ಒಬ್ಬ ಹುಡುಗಿ ಕೇಳಿದಳು.

“ನಮ್ಮ ಮಾವಾರ ಹೆಬ್ಬೆಟ್ಟು. ಅಗೋ, ಹಿಂದೆ ಕೂತಿದ್ದಾರೆ.”

ಇಡೀ ಕೋಣೆ ತಿರುಗಿತು!

ನೌಕರಿಯೇನೋ ಸಿಕ್ಕಿತು. ಜೀವಮಾನವಿಡೀ ಸಹಿ ಮಾಡಿದವನ ಹೆಬ್ಬೆಟ್ಟಿನ ಗುರುತು ಈಗ ಕಾಲೇಜಿನ ಗಾಜಿನ ಕಪಾಟಿನಲ್ಲಿದೆ. ಕೆಳಗೆ ಸೊಸೆಯ ದುಂಡು ಅಕ್ಷರದಲ್ಲಿ ಒಂದು ಚೀಟಿ: ‘ದಯವಿಟ್ಟು ಮುಟ್ಟಬೇಡಿ.’