ಎಳೆದು ನೋಡುವ ಭಾವ

ನಮ್ಮ ಭಾವನಿಗೆ ದೇವರಲ್ಲಿ ನಂಬಿಕೆ ಇದೆ, ಮೊಳೆಯಲ್ಲಿ ಇಲ್ಲ. ಗೋಡೆಗೆ ಹೊಡೆದದ್ದು, ಹಗ್ಗದಲ್ಲಿ ಬಿಗಿದದ್ದು ಏನೇ ಇರಲಿ, ಜಗ್ಗಿ ನೋಡದೆ ಅವರಿಗೆ ಸಮಾಧಾನವಿಲ್ಲ. ಮದುವೆ ಮಂಟಪದಲ್ಲಿ ಅಕ್ಕನಿಗೆ ತಾಳಿ ಕಟ್ಟಿ, ಗಂಟನ್ನು ಒಮ್ಮೆ ಎಳೆದು ನೋಡಿದ ಪುಣ್ಯಾತ್ಮ ಅವರು! ಪುರೋಹಿತರಿಗೆ ಮುಂದಿನ ಮಂತ್ರವೇ ಮರೆತುಹೋಯಿತು.

ತಪ್ಪು ಅವರ ಕೆಲಸದ್ದು ಅನ್ನಿ. ಕಡಲಲ್ಲಿ ತೇಲುವ ಗಾಳಿಯಂತ್ರಗಳನ್ನು ಸರಪಳಿ ಹಾಕಿ ತಳಕ್ಕೆ ಕಟ್ಟುವುದು ಅವರ ಉದ್ಯೋಗ. ಲಂಗರು ಹೂತ ಮೇಲೆ ಹಡಗಿನಿಂದ ಸರಪಳಿ ಜಗ್ಗಿ, ಹಾಗೇ ಹಿಡಿದು ಕಾಯುತ್ತಾರಂತೆ. ಲಂಗರು ಜರುಗದಿದ್ದರೆ ಪಾಸು. ಸಮುದ್ರದಲ್ಲಿ ಮಾಡಿಕೊಳ್ಳಲಿ, ಬೇಡ ಅಂದವರಾರು? ಐರ್ಲೆಂಡಿನ ರಿಂಗಾಸ್ಕಿಡಿ ಊರಿನ ತಮ್ಮ ಮನೆಯಲ್ಲೂ ಅದೇ ಆದರೆ? ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಅದಕ್ಕೇ ಜೋತುಬಿದ್ದು ಮಳೆಯಲ್ಲಿ ನಿಲ್ಲುತ್ತಾರೆ. ಪಕ್ಕದ ಮನೆಯ ಅಜ್ಜಿ ಗಾಬರಿಯಿಂದ "ಯು ಗ್ರ್ಯಾಂಡ್?" ಎಂದು ಅಲ್ಲಿಯ ಇಂಗ್ಲಿಷಿನಲ್ಲಿ ಕ್ಷೇಮ ವಿಚಾರಿಸಿದರೆ "ಟೆಸ್ಟಿಂಗ್" ಅನ್ನುತ್ತಾರೆ. ಒಳಗೆ ಅಕ್ಕ ಹಣೆ ಚಚ್ಚಿಕೊಳ್ಳುತ್ತಾಳೆ.

ಇಂಥವರನ್ನು ನಾನು ಬಾಡಿಗೆ ಮನೆ ನೋಡಲು ಕರೆದುಕೊಂಡು ಹೋದೆ. ಕಾರು ಅವರದು, ಏನು ಮಾಡಲಿ? ಇಲ್ಲಿಯ ಫ್ಯಾಕ್ಟರಿ ಕೆಲಸಕ್ಕೆ ಒಬ್ಬನೇ ಬಂದವನು ನಾನು. ಮನೆ ಸಿಕ್ಕರೆ ಮೈಸೂರಿನಲ್ಲಿರುವ ಹೆಂಡತಿ, ಮಗಳು ಬರಬಹುದು, ಇಲ್ಲದಿದ್ದರೆ ಇಲ್ಲ. ಐರ್ಲೆಂಡಿನಲ್ಲಿ ಬಾಡಿಗೆ ಮನೆ ಸಿಗುವುದೆಂದರೆ ಹುಡುಗಾಟವೇ? ಬಾಗಿಲಲ್ಲಿ ಜನ ಸಾಲುಗಟ್ಟಿದ್ದರು.

"ಭಾವ, ದಯವಿಟ್ಟು ಏನನ್ನೂ ಮುಟ್ಟಬೇಡಿ."

"ಆಯ್ತು ಕಣೋ, ಕೈ ಜೇಬಲ್ಲೇ ಇರುತ್ತೆ."

ಮನೆ ಮಾಲೀಕರಿಗೆ ನಾನು ಹಿಡಿಸಿದ್ದೆ. ಇನ್ನೇನು ಕೈ ಕುಲುಕಬೇಕು, ಹಿಂದೆ ಲಟಕ್ ಎಂದಿತು. ತಿರುಗಿ ನೋಡಿದರೆ ಮೆಟ್ಟಿಲ ರೇಲಿಂಗು ಭಾವನ ಕೈಯಲ್ಲಿದೆ, ಸ್ಕ್ರೂ ಸಮೇತ!

"ಫೋನ್ ಮಾಡ್ತೀವಿ" ಎಂದರು ಮಾಲೀಕರು. ಮಾಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು, ನನಗೂ.

ಕಾರಿನಲ್ಲಿ ನನಗೆ ಮೈಯೆಲ್ಲ ಉರಿಯುತ್ತಿತ್ತು. "ನಿಮಗೇನಾಗ್ಬೇಕಿತ್ತು ಭಾವ ಆ ರೇಲಿಂಗಿಂದ? ನೀವೇನೋ ಅಕ್ಕನ ಜೊತೆ ಆರಾಮಾಗಿದ್ದೀರ. ನಾನು ಮಗಳನ್ನ ಫೋನಲ್ಲೇ ನೋಡ್ಕೊಂಡು ಇರ್ಬೇಕಾ?"

ಭಾವ ತಮ್ಮ ಸೀಟ್ ಬೆಲ್ಟನ್ನು ಒಮ್ಮೆ ಜಗ್ಗಿ ನೋಡಿಕೊಂಡರು. ಆಮೇಲೆ, "ಮಗು ಈಗ ನಡೀತಾಳಲ್ಲ ಕಣೋ. ಮೆಟ್ಟಿಲು ಇಳಿಯೋವಾಗ ಅದನ್ನೇ ಹಿಡ್ಕೊಳ್ಳೋದು. ನೀನು ಫ್ಯಾಕ್ಟರೀಲಿ ಇರ್ತೀಯ" ಎಂದರು.

ಸಿಟ್ಟು ಎಲ್ಲಿ ಹೋಯಿತೋ, ಅಳು ಬಂದುಬಿಟ್ಟಿತು. ನಾನು ಊರು ಬಿಟ್ಟಾಗ ಅವಳು ಇನ್ನೂ ಮಗ್ಗುಲಾಗಲು ಕಲಿಯುತ್ತಿದ್ದಳು. ಈ ಊರಿನ ಮನೆಗಳನ್ನೆಲ್ಲ ನಾನು, ತೊಟ್ಟಿಲು ಎಲ್ಲಿ ಇಡುವುದು ಎಂದೇ ನೋಡುತ್ತಾ ಬಂದಿದ್ದೆ.