ಮಾವನ ಹತ್ತಿರ ಗಂಟೆ ಕೇಳಬಾರದು

ನಿಮಗೆ ಆಗದವರು ಯಾರಾದರೂ ಇದ್ದರೆ ಅವರನ್ನು ನನ್ನ ಸೋದರಮಾವನ ಬಳಿ ಕಳಿಸಿ, ಗಂಟೆ ಎಷ್ಟೆಂದು ಕೇಳಲು ಹೇಳಿ. ಮುಂದಿನದ್ದನ್ನು ಮಾವ ನೋಡಿಕೊಳ್ಳುತ್ತಾರೆ!

ಇದು ನನ್ನ ಸ್ವಂತ ಅನುಭವ. ಬೈಂದೂರಿನ ಮದುವೆಗೆಂದು ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಾಗ ಬಾಯಿ ತಪ್ಪಿ ಕೇಳಿಬಿಟ್ಟೆ. ಮಾವನ ಕೈಯಲ್ಲಿ ವಾಚಿತ್ತು. ನೋಡಿ ಹೇಳಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು, ಗಂಟೆ ಯಾಕೆ ಬೇಕು ಎಂದರು. ಬಸ್ಸಿಗಾದರೆ ವೇಳಾಪಟ್ಟಿ ನೋಡಬೇಕಂತೆ, ಮುಹೂರ್ತಕ್ಕಾದರೆ ಪಂಚಾಂಗ, ಮಾತ್ರೆ ನುಂಗಲಿಕ್ಕಾದರೆ ಡಾಕ್ಟರ ಚೀಟಿ. ಮೂರರಲ್ಲಿ ಒಂದನ್ನು ನಾನು ಆರಿಸುವಷ್ಟರಲ್ಲಿ ಬಸ್ಸು ಸೇತುವೆ ದಾಟಿತ್ತು. ನಾವು ಬೈಂದೂರು ತಲುಪಿದಾಗ ಎಲೆ ತೆಗೆಯುತ್ತಿದ್ದರು.

ಮಾವ ಮೂವತ್ತು ವರ್ಷಕ್ಕೂ ಮಿಕ್ಕಿ ಗ್ರಂಥಾಲಯವೊಂದರ ಪರಾಮರ್ಶನ ವಿಭಾಗದಲ್ಲಿದ್ದವರು. ಅಂದರೆ ಮನೆಗೆ ಒಯ್ಯಲು ಕೊಡದ, ಯಾರೂ ಮೊದಲಿನಿಂದ ಕೊನೆಯವರೆಗೆ ಓದದ, ಬೇಕಾದ ಪುಟ ನೋಡಿ ಮುಚ್ಚಿಡುವ ದಪ್ಪ ಪುಸ್ತಕಗಳ ಕಾವಲುಗಾರ. ಅಲ್ಲಿ ಬೇಡವೆಂದು ತೆಗೆದುಹಾಕಿದ ಹಳೆಯ ಸಂಪುಟಗಳನ್ನೆಲ್ಲ ತಂದು ಕುಂಭಾಶಿಯ ಮನೆಯ ಜಗಲಿಯಲ್ಲಿ ಜೋಡಿಸಿಟ್ಟಿದ್ದಾರೆ. ಅವರ ಸಿದ್ಧಾಂತ ಒಂದೇ. ಮನುಷ್ಯ ಮೊದಲು ಕೇಳುವುದು ಅವನ ನಿಜವಾದ ಪ್ರಶ್ನೆಯೇ ಅಲ್ಲ. ನಿಜವಾದದ್ದು ಅದರ ಹಿಂದೆ ಅಡಗಿ ಕೂತಿರುತ್ತದೆ. ಅದನ್ನು ಹೊರಗೆಳೆಯದೆ ಪುಸ್ತಕಕ್ಕೆ ಕೈ ಹಾಕಬಾರದು!

ಇಂಥವರ ಹತ್ತಿರ ಕಳೆದ ತಿಂಗಳು ನನಗೊಂದು ಪದದ ಅರ್ಥ ಬೇಕಾಯಿತು. ಒಂದೇ ಪದ. ಹೆಂಡತಿಯ ತಪಾಸಣೆಯ ರಿಪೋರ್ಟಿನ ಕೊನೆಯ ಸಾಲಿನಲ್ಲಿ ಇದ್ದದ್ದು. ರಿಪೋರ್ಟು ಬಂದದ್ದು ಶನಿವಾರ, ಬ್ರಹ್ಮಾವರದ ಡಾಕ್ಟರು ಸಿಗುವುದು ಸೋಮವಾರ. ಅವಳು ಲಕೋಟೆ ಒಡೆಯದೆ ನನ್ನ ಕೈಗಿಟ್ಟು, ಸೋಮವಾರದವರೆಗೆ ತನಗೇನೂ ಹೇಳಬೇಡಿ ಎಂದಿದ್ದಳು. ನಾನು ತಡೆಯಲಾರದೆ ಒಡೆದೆ. ಫೋನನ್ನು ಕೇಳಿದೆ. ಅದು ಒಂದು ಪದಕ್ಕೆ ಹದಿನೆಂಟು ಬಗೆಯ ಸಾವು ತೋರಿಸಿ, ಕೆಳಗೆ ಜೀವವಿಮೆಯ ಜಾಹೀರಾತನ್ನೂ ಹಾಕಿತು. ಇನ್ನು ಉಳಿದದ್ದು ಮಾವನ ಜಗಲಿಯಲ್ಲಿದ್ದ ಕೆಂಪು ರಟ್ಟಿನ ವೈದ್ಯಕೀಯ ನಿಘಂಟು. ಆದರೆ ಮಾವನ ಕಪಾಟಿನಿಂದ ಒಂದು ಪುಸ್ತಕ ಹೊರಡಿಸುವುದೆಂದರೆ ಸುಲಭವೇ?

ಮುಂಬೈಯಲ್ಲಿ ಹೋಟೆಲ್ ಇಟ್ಟಿದ್ದ ವಂಡ್ಸೆಯವರೊಬ್ಬರು ಹಿಂದೆ ರೈಲಿನ ವೇಳಾಪಟ್ಟಿ ಕೇಳಿಕೊಂಡು ಬಂದಿದ್ದರಂತೆ. ಮಾವ ಕುರ್ಚಿ ಕೊಟ್ಟು ವಿಚಾರಣೆ ಶುರುಮಾಡಿದರು. ಯಾವಾಗ ಹೋಗಬೇಕು, ಯಾಕೆ ಹೋಗಬೇಕು, ಹೋಗದಿದ್ದರೆ ಏನಾಗುತ್ತದೆ? ಅರ್ಧ ಗಂಟೆಯಲ್ಲಿ ಸತ್ಯ ಹೊರಬಿತ್ತು. ಮುಂಬೈಯಲ್ಲಿ ಭಾವನ ಮಗನ ನಿಶ್ಚಿತಾರ್ಥ. ಇವರಿಗೆ ಭಾವನ ಮುಖ ಕಂಡರಾಗದು.

“ಹ್ವಾಯ್, ಹಂಗಾರೆ ನಿಮ್ಗ್ ಬೇಕಾದ್ದ್ ಹೊತ್ತಿಗ್ ಮುಟ್ಟು ರೈಲ್ ಅಲ್ಲ” ಎಂದು ಮಾವ, ನಿಶ್ಚಿತಾರ್ಥ ಮುಗಿದು ಎರಡು ಗಂಟೆ ಕಳೆದ ಮೇಲೆ ಮುಟ್ಟುವ ರೈಲೊಂದನ್ನು ಹುಡುಕಿಕೊಟ್ಟರು. ಆ ಮಹಾಶಯರು ಈಗಲೂ ಮಾವನನ್ನು ಕಂಡರೆ ಕೈ ಮುಗಿಯುತ್ತಾರೆ.

ನಮ್ಮ ಮನೆಗೆ ಬಂದರೂ ಸುಮ್ಮನಿರುವ ಜೀವವಲ್ಲ. ಒಮ್ಮೆ ಹೆಂಡತಿ ಕೋಳಿ ಸುಕ್ಕ ಮಾಡುತ್ತಾ, ಕಾಯಿತುರಿ ಇಷ್ಟು ಹುರಿದರೆ ಸಾಕೇ ಎಂದು ಅಲ್ಲೇ ಕೂತಿದ್ದ ಮಾವನನ್ನು ಕೇಳಿದಳು. ಪಾಠ ಶುರುವಾಯಿತು. ಪದದ ಅರ್ಥಕ್ಕೆ ನಿಘಂಟು, ವಸ್ತುವಿನ ಕುಲಗೋತ್ರಕ್ಕೆ ವಿಶ್ವಕೋಶ, ಊರು ಎಲ್ಲಿದೆ ಎಂಬುದಕ್ಕೆ ಭೂಪಟ, ಊರಲ್ಲಿ ಏನೇನಿದೆ ಎಂಬುದಕ್ಕೆ ಗೆಜೆಟಿಯರು, ಹೋದ ವರ್ಷ ಏನಾಯಿತೆಂಬುದಕ್ಕೆ ವರ್ಷಪುಸ್ತಕ, ಮಾಡುವ ಕ್ರಮಕ್ಕೆ ಕೈಪಿಡಿ. ಅವಳದ್ದು ಕೈಪಿಡಿಯ ಪ್ರಶ್ನೆಯಂತೆ! ಮಾವ ಕೈಪಿಡಿಗೆ ಬರುವಷ್ಟರಲ್ಲಿ ಬಾಣಲೆಯಲ್ಲಿದ್ದ ಕಾಯಿ ಕರಕಲಾಗಿತ್ತು. ಅವಳು ಅದರಲ್ಲೇ ಸುಕ್ಕ ಮುಗಿಸಿ ಮಾವನ ಎಲೆಗೆ ಧಾರಾಳವಾಗಿ ಬಡಿಸಿದಳು.

“ಮಾವ, ಈಗ ಇದ್ಕ್ ಯಾವ ಪುಸ್ತಕ ಕಾಣ್ಕ್?”

ಮಾವ ಒಂದು ತುತ್ತು ನುಂಗಿದರು. “ಇದ್ ಚರಿತ್ರೆ ಆಯ್ತ್ ಮಗಾ. ಇದ್ಕ್ ಹಳೇ ಪುಸ್ತಕ ಸಾಕ್.”

ಅವಳು ಸೌಟು ಹಿಡಿದುಕೊಂಡೇ ನೆಲಕ್ಕೆ ಕೂತು ನಕ್ಕಳು. ಮಾವ ಬಿಡದೆ ಮುಂದುವರಿಸಿದರು. ಆಗಿಹೋದದ್ದಕ್ಕೆ ಪುಸ್ತಕ ಹಳೆಯದಾದಷ್ಟೂ ಒಳ್ಳೆಯದು, ಆದರೆ ಕಾನೂನು, ವಿಳಾಸ, ಮದ್ದು ಈ ಮೂರಕ್ಕೆ ಹಳೆಯದನ್ನು ಮುಟ್ಟಬಾರದು ಎಂದರು. ಯಾರು ಕೇಳಿಸಿಕೊಂಡರು? ನಾನು ಕರಕಲು ಬಿಟ್ಟು ಕೋಳಿ ಹುಡುಕುತ್ತಿದ್ದೆ. ರಿಪೋರ್ಟು ಓದಿದ ಮೇಲೆ ಆ ನಗುವನ್ನು ಎಷ್ಟು ಸಲ ನೆನೆದೆನೋ ಲೆಕ್ಕವಿಲ್ಲ. ಅದೂ ಚರಿತ್ರೆಯಾಗಿಬಿಟ್ಟರೆ ನಾನೇನು ಮಾಡಲಿ ಎಂದು ಹೆದರಿದ್ದೆ.

ಭಾನುವಾರ ಕುಂಭಾಶಿಗೆ ಹೋದೆ. ಪದಬಂಧಕ್ಕೊಂದು ಪದ ನೋಡಬೇಕಿತ್ತು, ವೈದ್ಯಕೀಯ ನಿಘಂಟು ಕೊಡಿ ಎಂದು ಆ ಪದ ಹೇಳಿದೆ. ಎಷ್ಟು ಮನೆಯ ಪದ ಎಂದು ಕೇಳಿದರು. ನಾನು ಬೆರಳು ಮಡಚಿ ಎಣಿಸತೊಡಗಿದೆ. ಅಡ್ಡವೋ, ಕೆಳಕ್ಕೋ ಎಂದರು. ಅಡ್ಡ ಎಂದೆ. ಸುಳಿವು ಏನು ಕೊಟ್ಟಿದ್ದಾರೆ ಎಂದರು. ಸುಳ್ಳು ಹೇಳಲಿಕ್ಕೂ ಒಂದು ಕೈಪಿಡಿ ಇರಬೇಕಿತ್ತು!

ಮಾವ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

“ಯಾರದ್ದ್?”

“ಅವಳದ್ದ್.”

ಮಾವ ಎದ್ದು ಕಪಾಟಿಗೆ ಬೆನ್ನು ಕೊಟ್ಟು ನಿಂತರು.

“ಆ ಪುಸ್ತಕ ನನ್ನ ಹತ್ರ ಇಲ್ಲೆ.”

ಕೆಂಪು ರಟ್ಟು ಅವರ ಭುಜದ ಹಿಂದೆಯೇ ಕಾಣುತ್ತಿತ್ತು. ಇರುವ ಪುಸ್ತಕವನ್ನು ಇಲ್ಲವೆಂದು ಆ ಮನುಷ್ಯ ಜೀವಮಾನದಲ್ಲಿ ಯಾರಿಗೂ ಹೇಳಿದವರಲ್ಲ. ನನಗೆ ಸಿಟ್ಟೂ ಬಂತು, ಅಳುವೂ ಬಂತು. ಬೆರಳು ಮಾಡಿ ತೋರಿಸಿದೆ.

“ಅದ್ ಹಳತ್ ಮಾರಾಯಾ” ಎಂದರು ಮಾವ, ತಗ್ಗಿದ ದನಿಯಲ್ಲಿ. “ಅದ್ರ ಒಳ್ಗೆ ಸಾಯು ಜನ ಎಲ್ಲ ಈಗ ಬದ್ಕಿ ಉಳಿತ್ರ್. ನಾಳೆ ಡಾಕ್ಟ್ರನ್ನೇ ಕೇಂಬ. ನಾನೂ ಬತ್ತೆ.”

ಸೋಮವಾರ ಬೆಳಿಗ್ಗೆ ನಾವಿಬ್ಬರೂ ಕುಂದಾಪುರದ ಬಸ್‌ಸ್ಟ್ಯಾಂಡಿಗೆ ಹೋದಾಗ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆಗಲೇ ಬಂದು ಕೂತಿದ್ದರು. ಬ್ರಹ್ಮಾವರದ ಬಸ್ಸು ಅವರ ಕುಂಭಾಶಿಯ ಮೇಲೆಯೇ ಹೋಗುವುದು. ಅಲ್ಲೇ ಹತ್ತಬಹುದಿತ್ತು. ನಮ್ಮ ಜೊತೆ ಹೊರಡಬೇಕೆಂದು ಅಷ್ಟು ದೂರ ಹಿಂದಕ್ಕೆ ಬಂದಿದ್ದರು. ಹೆಂಡತಿ ಅವರನ್ನು ಕಂಡು ಸ್ವಲ್ಪ ಗೆಲುವಾದಳು. ಬೇಕೆಂದೇ ಇರಬೇಕು, ಗಂಟೆ ಎಷ್ಟಾಯಿತೆಂದು ಕೇಳಿದಳು. ನಾನು ಕಣ್ಣು ಮುಚ್ಚಿಕೊಂಡೆ. ಈಗ ವೇಳಾಪಟ್ಟಿ ಬರುತ್ತದೆ, ಪಂಚಾಂಗ ಬರುತ್ತದೆ, ಚೀಟಿ ಬರುತ್ತದೆ.

ಮಾವ ವಾಚು ನೋಡಿದರು.

“ಎಂಟೂ ಹತ್ತ್ ಆಯ್ತ್ ಮಗಾ.”

ಅವಳು ಇನ್ನೂ ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡುತ್ತಾ ಕಾದಳು. ಬೇರೇನೂ ಬರಲಿಲ್ಲ. ಆಗ ಅವಳು ನನ್ನ ಕಡೆ ತಿರುಗದೆ, ಮೆಲ್ಲಗೆ ಮಾವನ ಕೈ ಹಿಡಿದುಕೊಂಡಳು.